ರೋಗಿಗೆ ನೆರವಾಗುವ ಮುನ್ನ ಕೇಳುವ ಮಾತು: ‘-ಲಾ’, ‘ಕೊಳ್ಳಿ’ ಮತ್ತು ಒಂದು ಪ್ರಶ್ನೆ

ಮಾನ್ಯರೇ,

ವಾರ್ಡಿಗೆ ಹೊಸದಾಗಿ ಬರುವ ನರ್ಸಿಂಗ್ ವಿದ್ಯಾರ್ಥಿಗಳಿಗೆ ಆಡುಮಾತಿನ ಕನ್ನಡ ಕಲಿಸುತ್ತಿದ್ದೇನೆ. ಹೆಚ್ಚಿನವರ ಮನೆಮಾತು ಮಲಯಾಳ. ಅವರ ಕೈಪಿಡಿಯಲ್ಲಿ ‘ನಾನು ನಿಮಗೆ ಸಹಾಯ ಮಾಡಬಹುದೇ?’ ಎಂದಿದೆ. ವ್ಯಾಕರಣ ಸರಿಯೇ. ಆದರೆ ಹಾಸಿಗೆಯಿಂದ ಏಳಲು ಒದ್ದಾಡುತ್ತಿರುವ ಅಜ್ಜನನ್ನು ನಮ್ಮಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಸಹಾಯದ ಹೆಸರೆತ್ತದೆ ಮಾಡುವ ಕೆಲಸವನ್ನೇ ಹೇಳಿ ‘-ಲಾ’ ಹಚ್ಚುತ್ತೇವೆ: ‘ದಿಂಬು ಎತ್ತರ ಮಾಡಲಾ?’, ‘ಮಗ್ಗುಲಿಗೆ ತಿರುಗಿಸಲಾ?’ ಧಾರವಾಡದ ಕಡೆ ‘ಮಾಡ್ಲೇನ್ರಿ?’ ಋಣದ ಭಾರವಿಲ್ಲದೆ ‘ಬೇಡಮ್ಮಾ’ ಎನ್ನಲು ಇಲ್ಲಿ ಜಾಗವಿದೆ.

ಇದಕ್ಕಿಂತ ಮುಖ್ಯವೆಂದು ನನಗೆ ಕಂಡದ್ದು ಕ್ರಿಯಾಪದದ ಕೊನೆಗೆ ಸೇರುವ ‘ಕೊಳ್ಳು’. ‘ನಿಮ್ಮನ್ನು ಎತ್ತುತ್ತೇನೆ’ ಅಂದಾಗ ಕೆಲಸವೆಲ್ಲ ನರ್ಸಿನದು. ‘ನನ್ನ ತೋಳು ಹಿಡಿದುಕೊಳ್ಳಿ, ನಿಧಾನವಾಗಿ ಏಳಿ’ ಅಂದರೆ ಏಳುವವರು ರೋಗಿಯೇ. ಲಕ್ವ ಹೊಡೆದವರ ವಿಷಯದಲ್ಲಿ ಇದು ಬರೀ ಮರ್ಯಾದೆಯ ಮಾತಲ್ಲ. ಸೋತ ಕೈಯನ್ನು ಹಿಡಿದೆಳೆದರೆ ಭುಜದ ಕೀಲಿಗೆ ಪೆಟ್ಟಾಗಬಹುದು. ‘ಈ ಕಡೆಯ ಕೈಯಿಂದ ಹಿಡಿದುಕೊಳ್ಳಿ’ ಎಂದು ಗಟ್ಟಿ ಇರುವ ಕೈಯನ್ನು ತೋರಿಸಿ ಹೇಳುವುದನ್ನು ಮೊದಲ ಪಾಠದಲ್ಲೇ ಸೇರಿಸಿದ್ದೇನೆ.

‘ಕೈ ಕೊಡು’ ಮಾತ್ರ ತೊಡಕಿನದು. ಮೂಟೆ ಎತ್ತುವವರು ‘ಒಂದು ಕೈ ಕೊಡಪ್ಪಾ’ ಅನ್ನುತ್ತಾರೆ, ಅದು ನೆರವು. ‘ನಾನು ಕೈ ಕೊಡ್ತೀನಿ’ ಅಂದರೆ ನಡುನೀರಿನಲ್ಲಿ ಬಿಟ್ಟುಹೋಗುತ್ತೇನೆ ಎಂದೇ ಕೇಳಿಸುತ್ತದೆ. ಅದನ್ನು ಬಿಟ್ಟಿದ್ದೇನೆ. ‘ನಿಮ್ಮ ಕೈಲಿ ಆಗುತ್ತಾ?’ ಎಂಬುದನ್ನೂ ತೆಗೆದೆ. ಜೀವಮಾನವಿಡೀ ಹೊಲ ಗೇಯ್ದವರಿಗೆ ಅದು ಚುಚ್ಚುತ್ತದೆ. ‘ಏಳ್ತೀರಾ?’ ಸಾಕು.

ನನಗೆ ದಾರಿ ಕಾಣದಿರುವುದು ಬೆಡ್ ಪ್ಯಾನ್ ಬೇಕೇ ಎಂದು ಕೇಳುವಲ್ಲಿ. ‘ಒಂದಕ್ಕೆ, ಎರಡಕ್ಕೆ’ ಶಾಲೆಯ ಮಕ್ಕಳ ಮಾತು, ಎಪ್ಪತ್ತರ ಹಿರಿಯರಿಗೆ ಹೇಳಿದರೆ ಮಗುವಿನಂತೆ ಕಂಡ ಹಾಗಾಗುತ್ತದೆ. ‘ಮೂತ್ರವಿಸರ್ಜನೆ’ ಅರ್ಜಿಯ ಭಾಷೆ. ಹಳ್ಳಿಯ ಹಿರಿಯರು ತಾವಾಗಿ ಹೇಳುವುದು ‘ಹೊರಗೆ ಹೋಗಬೇಕು’ ಎಂದು; ವಿದ್ಯಾರ್ಥಿನಿ ಅದನ್ನು ವಾರ್ಡಿನಿಂದಾಚೆ ಎಂದು ತಿಳಿದರೆ ಅವರು ಕಾಯುತ್ತಲೇ ಸಂಕಟಪಡಬೇಕಾಗುತ್ತದೆ. ಹೆಂಗಸರ ಮಾತಿನಲ್ಲಿ ‘ಹೊರಗಾಗುವುದು’ ಮುಟ್ಟಿಗೆ ಸೇರಿದ ಮಾತು, ಅಲ್ಲಿಯೂ ಗೊಂದಲ.

ನಿಮ್ಮ ಊರಿನ ಕಡೆ, ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ಇದಕ್ಕಾಗಿ ಏನೆಂದು ಕೇಳುತ್ತೀರಿ? ಕಲಬುರಗಿ, ಚಾಮರಾಜನಗರ, ಕುಂದಾಪುರ ಕಡೆಯವರು ದಯವಿಟ್ಟು ಬರೆಯಿರಿ. ಸೊಸೆ ಮಾವನನ್ನು ಕೇಳುವ ಮಾತು ಬೇರೆಯಿದ್ದರೆ ಅದನ್ನೂ ತಿಳಿಸಿ. ಪರಿಚಯವಿಲ್ಲದ ಗಂಡಸರ ವಾರ್ಡಿನಲ್ಲಿ ನಿಲ್ಲುವ ಹುಡುಗಿಯರಿಗೆ ಅದೇ ಹೆಚ್ಚು ಬೇಕಾಗಿರುವುದು.