ಲೆಡ್ ಅಯೋಡೈಡ್: ಚಿನ್ನದ ಮಳೆ ಬರುತ್ತಿಲ್ಲ, ಬರೀ ಹಳದಿ ಕೆಸರು

ಪ್ರಶ್ನೆ (ಹೈಸ್ಕೂಲ್ ಮೇಷ್ಟ್ರು)
ನಮಸ್ಕಾರ. ಹತ್ತನೇ ತರಗತಿಯ ಮೊದಲ ಪಾಠದಲ್ಲಿ ಲೆಡ್ ನೈಟ್ರೇಟ್‌ಗೆ ಪೊಟ್ಯಾಸಿಯಂ ಅಯೋಡೈಡ್ ಸೇರಿಸುವ ಚಟುವಟಿಕೆ ಇದೆಯಲ್ಲ, ಅದರಲ್ಲಿ ಹಳದಿ ಒತ್ತರವೇನೋ (ನೀರಲ್ಲಿ ಕರಗದೆ ಕೂರುವ ಲೆಡ್ ಅಯೋಡೈಡ್) ಬರುತ್ತದೆ. ಅದನ್ನು ಕುದಿಸಿ ಕರಗಿಸಿ ಆರಲು ಬಿಟ್ಟರೆ ಚಿನ್ನದ ಬಣ್ಣದ ತೆಳು ಹರಳು ಉದುರಬೇಕು ಅಲ್ವಾ? ನನಗೆ ಬರುತ್ತಿಲ್ಲ. 200 ಮಿ.ಲೀ. ನೀರು, ಎರಡೂ ಉಪ್ಪು ತಲಾ 5 ಗ್ರಾಂ. ಎಷ್ಟು ಕುದಿಸಿದರೂ ಹಳದಿ ಹಾಗೇ ಇರುತ್ತದೆ. ಲೆಡ್ ನೈಟ್ರೇಟ್ ಒಂದನ್ನೇ ಕರಗಿಸಿದಾಗಲೂ ನೀರು ಬೆಳ್ಳಗೆ ಮಬ್ಬಾಗುತ್ತದೆ. ಶಾಲೆಯಲ್ಲಿರುವುದು ಬೋರ್‌ವೆಲ್ ನೀರು. ಅಯೋಡೈಡ್ ಪುಡಿಯೂ ಹಳೆಯದು, ತುಸು ಹಳದಿಯಾಗಿದೆ.

ಉತ್ತರ 1
ಅಯೋಡೈಡ್ ಕಡಿಮೆ ಆಗಿರಬೇಕು ಸರ್. ಇನ್ನೊಂದೆರಡು ಚಮಚ ಹಾಕಿ ನೋಡಿ.

ಉತ್ತರ 2 (ಲ್ಯಾಬ್‌ನಲ್ಲಿ ಕೆಲಸ ಮಾಡುವವರು)
ಚಮಚಗಟ್ಟಲೆ ಹಾಕಬೇಡಿ. ಅಯೋಡೈಡ್ ತುಂಬಾ ಜಾಸ್ತಿಯಾದರೆ ಅದು ಸೀಸದ (ಲೆಡ್) ಜೊತೆ ನೀರಲ್ಲಿ ಕರಗುವ ಸಂಕೀರ್ಣ ಅಯಾನು ಕಟ್ಟಿಕೊಂಡು ಒತ್ತರವನ್ನೇ ಕರಗಿಸಿಬಿಡುತ್ತದೆ. ಆಮೇಲೆ ಆರಿಸಿದರೂ ಹರಳು ಸರಿಯಾಗಿ ಬರಲ್ಲ.

ಮೇಷ್ಟ್ರೇ, ನಿಮ್ಮ ತೂಕದ ಅನುಪಾತ ಸರಿಯಾಗಿಯೇ ಇದೆ. ಲೆಡ್ ನೈಟ್ರೇಟ್‌ನ ಅಣುತೂಕ 331, ಪೊಟ್ಯಾಸಿಯಂ ಅಯೋಡೈಡ್‌ನದು 166. ಲೆಡ್ ನೈಟ್ರೇಟ್ ಒಂದಕ್ಕೆ ಅಯೋಡೈಡ್ ಎರಡು ಬೇಕು, ಅಂದರೆ 332. ಹಾಗಾಗಿ ಎರಡನ್ನೂ ಸಮ ತೂಗಿದರೆ ಸಾಕು.

ತೊಂದರೆ ಇರುವುದು ಪ್ರಮಾಣದಲ್ಲಿ. 5 ಗ್ರಾಂನಿಂದ ಸುಮಾರು 7 ಗ್ರಾಂ ಲೆಡ್ ಅಯೋಡೈಡ್ ಆಗುತ್ತದೆ. ಕುದಿಯುವ ನೀರು 100 ಮಿ.ಲೀ.ಗೆ ಹಿಡಿಯುವುದು ಬರೀ 0.4 ಗ್ರಾಂ ಆಸುಪಾಸು. ನಿಮ್ಮ 200 ಮಿ.ಲೀ.ನಲ್ಲಿ 0.8 ಗ್ರಾಂ ಕರಗಿ ಉಳಿದದ್ದೆಲ್ಲ ತಳದಲ್ಲಿ ಕೂರುತ್ತದೆ. ಇಡೀ ರಾತ್ರಿ ಕುದಿಸಿದರೂ ಅಷ್ಟೇ.

100 ಮಿ.ಲೀ.ಗೆ ಎರಡೂ ತಲಾ 0.2 ಗ್ರಾಂ ಸಾಕು. ಬೇರೆ ಬೇರೆ 50 ಮಿ.ಲೀ. ನೀರಲ್ಲಿ ಕರಗಿಸಿ ಸೇರಿಸಿ, ಕುದಿಯುವ ತನಕ ಕಾಯಿಸಿ. ಹಳದಿ ಪೂರ್ತಿ ಹೋಗಿ ದ್ರಾವಣ ಹೆಚ್ಚುಕಡಿಮೆ ಬಣ್ಣವಿಲ್ಲದ ಹಾಗೆ ಆಗಬೇಕು. ಅದು ಆಗದಿದ್ದರೆ ಮುಂದೆ ಹೋಗಬೇಡಿ. 20 ಡಿಗ್ರಿಯಲ್ಲಿ ನೀರು ಹಿಡಿಯುವುದು 0.08 ಗ್ರಾಂಗಿಂತ ಕಡಿಮೆ, ಆದ್ದರಿಂದ ಆರುತ್ತಾ ಬಂದಂತೆ ಉಳಿದದ್ದು ಹರಳಾಗಿ ಬೀಳಲೇಬೇಕು. ಗಡಿಬಿಡಿಯಲ್ಲಿ ತಣ್ಣೀರಿಗೆ ಇಟ್ಟರೆ ಪುಡಿಯಾಗುತ್ತದೆ. ಬೀಕರನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ನಿಧಾನಕ್ಕೆ ಆರಿಸಿದರೆ ಆರು ಮೂಲೆಯ ಹೊಳೆಯುವ ಹಾಳೆಗಳು ಸಿಗುತ್ತವೆ. ಈ ವಸ್ತುವಿನ ಒಳಗೆ ಪರಮಾಣುಗಳು ಪದರ ಪದರವಾಗಿ ಕೂತಿರುವುದರಿಂದಲೇ ಹರಳು ಅಷ್ಟು ತೆಳ್ಳಗೆ.

ಬಿಳಿ ಮಬ್ಬಿಗೆ ನನ್ನ ಅನುಮಾನ ಬೋರ್ ನೀರಿನ ಮೇಲೆ. ಅದರಲ್ಲಿರುವ ಬೈಕಾರ್ಬೊನೇಟ್, ಸಲ್ಫೇಟ್ ಸೀಸವನ್ನು ಹಿಡಿದು ಕೆಳಗಿಳಿಸುತ್ತವೆ. ನಾಲ್ಕು ಹನಿ ವಿನೆಗರ್ ಹಾಕಿ. ಮಬ್ಬು ಹೋದರೆ ಕಾರ್ಬೊನೇಟ್. ಉಳಿದರೆ ಸಲ್ಫೇಟ್ ಇರಬಹುದು, ಅದಕ್ಕೆ ವಿನೆಗರ್ ಉಪಯೋಗವಿಲ್ಲ. ಸುಮ್ನೆ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಆಮೇಲೂ ಒಂದೆರಡು ಹನಿ ವಿನೆಗರ್ ಇರಲಿ. ನೈಟ್ರಿಕ್ ಆಮ್ಲ ಮಾತ್ರ ಜಾಸ್ತಿ ಹಾಕಬೇಡಿ, ಅಯೋಡೈಡನ್ನು ಅಯೋಡಿನ್ ಮಾಡಿ ಕಂದು ಬಣ್ಣ ತರುತ್ತದೆ.

ನಿಮ್ಮ ಹಳದಿಯಾದ ಅಯೋಡೈಡ್ ಪುಡಿಯೂ ಅದೇ ಕಥೆ: ಗಾಳಿಯಲ್ಲಿ ಸ್ವಲ್ಪ ಅಯೋಡಿನ್ ಬಿಟ್ಟಿದೆ. ಅದರ ದ್ರಾವಣಕ್ಕೆ ತಣ್ಣಗಿನ ಗಂಜಿ ತಿಳಿ ಹಾಕಿದರೆ ನೀಲಿಯಾಗುತ್ತದೆ. ತುಸು ಹಳದಿಯಿದ್ದರೆ ಈ ಪ್ರಯೋಗಕ್ಕೆ ತೊಂದರೆಯಿಲ್ಲ.

ಪ್ರಶ್ನಿಸಿದವರು
ಡಿಸ್ಟಿಲ್ಡ್ ವಾಟರ್‌ನಲ್ಲಿ, 0.2 ಗ್ರಾಂ ಅಳತೆಯಲ್ಲಿ ಮಾಡಿದೆ. ಮಬ್ಬು ಇಲ್ಲ, ಹರಳು ಚೆನ್ನಾಗಿ ಉದುರಿತು. ಹುಡುಗರು ಟಾರ್ಚ್ ಬಿಟ್ಟು ನೋಡುತ್ತಾ ನಿಂತುಬಿಟ್ಟರು. ಇದರಿಂದ ಏನುಪಯೋಗ ಅಂತ ಕೇಳಿದರು, ಏನು ಹೇಳಲಿ? ಉಳಿದ ನೀರನ್ನು ಸಿಂಕಿಗೆ ಸುರಿಯಬಹುದಾ?

ಉತ್ತರ 2
ಸುರಿಯಲೇಬೇಡಿ. ಆರಿದ ನೀರಲ್ಲೂ ಸೀಸ ಉಳಿದಿರುತ್ತದೆ. ಹರಳನ್ನು ಸೋಸಿ ತೆಗೆದು, ನೀರಿಗೆ ವಾಷಿಂಗ್ ಸೋಡಾ ಹಾಕಿ. ಉಳಿದ ಸೀಸದ ಹೆಚ್ಚಿನ ಭಾಗ ಕಾರ್ಬೊನೇಟ್ ಆಗಿ ಕೂರುತ್ತದೆ. ಅದನ್ನೂ, ಸೋಸಿದ ನೀರನ್ನೂ ಬೇರೆ ಬೇರೆ ಬಾಟಲಿಗೆ ಹಾಕಿ, ‘ಸೀಸ’ ಅಂತ ಚೀಟಿ ಅಂಟಿಸಿ ಅಪಾಯಕಾರಿ ತ್ಯಾಜ್ಯದ ಜೊತೆ ಕೊಡಿ. ಗ್ಲೌಸ್ ಇರಲಿ, ಮಕ್ಕಳು ಮುಟ್ಟುವುದು ಬೇಡ. ಹರಳನ್ನು ಕಂದು ಬಾಟಲಿಯಲ್ಲಿಡಿ, ಬೆಳಕಿಗೆ ನಿಧಾನಕ್ಕೆ ಕೆಡುತ್ತದೆ.

ಉಪಯೋಗಕ್ಕೆ ಸೋಲಾರ್ ಸೆಲ್ ಹೇಳಿ. 2009ರಲ್ಲಿ ಜಪಾನಿನ ತಂಡವೊಂದು ಲೆಡ್ ಅಯೋಡೈಡ್ ಆಧಾರದ ಪೆರೋವ್‌ಸ್ಕೈಟ್ (ಒಂದು ಬಗೆಯ ಹರಳು ರಚನೆ) ಸೆಲ್‌ನಲ್ಲಿ 3.8% ದಕ್ಷತೆ ತೋರಿಸಿತು. ಈಗ ಅಂತಹ ಸೆಲ್‌ಗಳು 25% ದಾಟಿವೆ. ಎಕ್ಸ್-ರೇ ಪತ್ತೆ ಸಾಧನಗಳಿಗೂ ಲೆಡ್ ಅಯೋಡೈಡ್ ಬಳಸಿ ನೋಡಿದ್ದಾರೆ. ಸೀಸ, ಅಯೋಡಿನ್ ಎರಡೂ ಭಾರದ ಪರಮಾಣುಗಳು, ಎಕ್ಸ್-ರೇಯನ್ನು ಚೆನ್ನಾಗಿ ಹೀರುತ್ತವೆ.