ಅಪ್‌ಡೇಟ್: ಟಿಶ್ಯೂ ಡಬ್ಬಿಯ ಕವರ್ ಮುಗಿಯಿತು

ಹೋದ ತಿಂಗಳು ಕೇಳಿದ್ದೆನಲ್ಲ, ಪ್ಲಾಸ್ಟಿಕ್ ಕ್ಯಾನ್ವಾಸ್ (ಸಾಲುಸಾಲು ತೂತುಗಳಿರುವ ಪ್ಲಾಸ್ಟಿಕ್ ಹಾಳೆ) ಮೇಲೆ ಉಲನ್ ಹೊಲಿದರೂ ಬಿಳಿ ಜಾಲರಿ ಹಲ್ಲು ಕಿಸಿದ ಹಾಗೆ ಕಾಣುತ್ತೆ, ಏನು ಮಾಡಲಿ ಅಂತ? ದಾರ ತೆಳ್ಳಗಾಯಿತು ಅಂತ ನೀವು ಹೇಳಿದ್ದೇ ಸರಿ. ನನ್ನದು ಇಂಚಿಗೆ 7 ತೂತಿನ ಹಾಳೆ, ದಾರ ಮಾತ್ರ ತೆಳ್ಳಗಿನ ಬೇಬಿ ಉಲನ್. ಎರಡು ಎಳೆ ಸೇರಿಸಿ, ಮೊಂಡು ಸೂಜಿಯಲ್ಲಿ, ಬಿಗಿಯಾಗಿ ಎಳೆಯದೆ ಹೊಲಿದೆ. ತುಂಬಿಕೊಂಡಿತು.

ಅಂಚನ್ನು ಮಾತ್ರ ಎರಡು ಸಲ ಬಿಚ್ಚಿದೆ. ಕತ್ತರಿಸಿದ ಕಡೆ ಉಳಿದ ಸಣ್ಣ ಮುಳ್ಳುಗಳಿಗೆ ದಾರ ಸಿಕ್ಕಿಕೊಳ್ಳುತ್ತಿತ್ತು. ನೇಲ್ ಕಟರ್‌ನಿಂದ ಅವನ್ನು ತೆಗೆದೆ. ಮೂಲೆಯ ತೂತಿಗೆ ಮೂರು ಸುತ್ತು ಹಾಕಿದ ಮೇಲೆ ಪ್ಲಾಸ್ಟಿಕ್ ಮುಚ್ಚಿತು.

ಕೌದಿ ಹೊಲಿಯುವ ನಮ್ಮತ್ತೆ, "ಅರಿವೆ ಇಲ್ಲದ ಹೊಲಿಗೆ, ಏನವ್ವ ಇದು!" ಎಂದು ನಕ್ಕರು. ಗಂಟು ಹಾಕದೆ ದಾರದ ತುದಿಯನ್ನು ಹಿಂದಿನ ಹೊಲಿಗೆಯೊಳಗೆ ತೂರಿಸುವುದನ್ನು ನೋಡಿದ ಮೇಲೆ ಸುಮ್ನೆ ಕೂರಲಿಲ್ಲ. ಒಂದು ಬದಿ ತಾವೇ ಮುಗಿಸಿದರು. ನನ್ನದಕ್ಕಿಂತ ನೀಟಾಗಿದೆ, ಬಿಡಿ.

ಒಂದು ಎಡವಟ್ಟೂ ಆಯ್ತು. ಮೊದಲ ಕವರನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟಿದ್ದೆ. ರಾಯಚೂರಿನ ಬಿಸಿಲು ಗೊತ್ತಲ್ವಾ? ಸೊಟ್ಟಗಾಯಿತು. ಈಗಿನದು ಟಿವಿ ಪಕ್ಕದಲ್ಲಿದೆ.

ಮುಂದಿನದು ಚಹಾ ಲೋಟದ ಕೋಸ್ಟರ್. ಅದರ ಕೆಳಭಾಗಕ್ಕೆ ಫೆಲ್ಟ್ ಬಟ್ಟೆ ಅಂಟಿಸಲೇಬೇಕಾ?