ರೋಟಾ (ಪಾಳಿಪಟ್ಟಿ) ಎಕ್ಸೆಲ್‌ನಲ್ಲಿ ಸರಿ, ಸಾಫ್ಟ್‌ವೇರ್‌ನಲ್ಲಿ ಕೆಂಪು: 48 ಗಂಟೆಯ ಲೆಕ್ಕ ಎಲ್ಲಿ ತಪ್ಪುತ್ತಿದೆ?

ಪಾಳಿಪಟ್ಟಿ (ಪ್ರಶ್ನೆ)

ಇಂಗ್ಲೆಂಡ್‌ನ ಆಸ್ಪತ್ರೆಯೊಂದರ ವಿಭಾಗ, ತರಬೇತಿಯಲ್ಲಿರುವ 8 ವೈದ್ಯರು. 24 ಗಂಟೆಯೂ ಒಬ್ಬರು ಆಸ್ಪತ್ರೆಯಲ್ಲೇ ಇರಬೇಕು. ಹಗಲುಪಾಳಿ 08:30ರಿಂದ 21:00, ರಾತ್ರಿಪಾಳಿ 20:30ರಿಂದ ಮರುದಿನ 09:00. ಉಳಿದ ದಿನಗಳಲ್ಲಿ 8 ಗಂಟೆಯ ವಾರ್ಡ್ ಮತ್ತು ಕ್ಲಿನಿಕ್ ಕೆಲಸ.

ಒಬ್ಬ ವೈದ್ಯರ 17 ವಾರದ ಒಟ್ಟು 735 ಗಂಟೆ, ನಡುವೆ ಎರಡು ವಾರ ರಜೆ. ಎಕ್ಸೆಲ್‌ನಲ್ಲಿ ವಾರದ ಸರಾಸರಿ 43.2 ಬರುತ್ತದೆ, ಮಿತಿಯಾದ 48ರ ಒಳಗೇ. ಟ್ರಯಲ್‌ಗೆ ತಂದ ರೋಸ್ಟರಿಂಗ್ (ಪಾಳಿ ಹೊಂದಿಸುವ) ಸಾಫ್ಟ್‌ವೇರ್ ಅದೇ ಪಟ್ಟಿಗೆ 49 ಎಂದು ಕೆಂಪು ತೋರಿಸುತ್ತಿದೆ, ಜೊತೆಗೆ ‘72 ಗಂಟೆ ಮೀರಿದೆ’ ಅಂತ ಇನ್ನೊಂದು ಎಚ್ಚರಿಕೆ. ಯಾವುದನ್ನು ನಂಬಬೇಕು? ಅಸಲಿಗೆ ಈ ಕೆಲಸಕ್ಕೆ 8 ಜನ ಸಾಕೇ?

ಗಂಟೆಲೆಕ್ಕ

ಸರಾಸರಿಯ ವಿಷಯದಲ್ಲಿ ಸಾಫ್ಟ್‌ವೇರ್ ಸರಿ. ನೀವು 735ನ್ನು 17ರಿಂದ ಭಾಗಿಸಿದ್ದೀರಿ. ರಜೆಯ ವಾರಗಳನ್ನು ಸೊನ್ನೆ ಗಂಟೆ ಕೆಲಸ ಮಾಡಿದ ವಾರ ಅಂತ ಸೇರಿಸಿದರೆ ಸರಾಸರಿ ಸುಳ್ಳೇ ಇಳಿಯುತ್ತದೆ. ಕೆಲಸದ ಸಮಯದ ಬಗೆಗಿನ ಯುರೋಪಿನ 2003/88 ನಿರ್ದೇಶನದ ಪ್ರಕಾರ ವಾರ್ಷಿಕ ರಜೆ ಮತ್ತು ಅನಾರೋಗ್ಯ ರಜೆಯನ್ನು ಲೆಕ್ಕಕ್ಕೆ ಹಿಡಿಯಬಾರದು ಅಥವಾ ತಟಸ್ಥವಾಗಿಡಬೇಕು. 735 ಭಾಗಿಸು 15, ಬಂತು 49.

ಬ್ರಿಟನ್ನಿನ 1998ರ ಕೆಲಸದ ಸಮಯದ ನಿಯಮಾವಳಿಯ ಸೂತ್ರ ತುಸು ಬೇರೆ. ರಜೆಗೆ ಹೋದ ದಿನಗಳಷ್ಟನ್ನೇ ಅವಧಿ ಮುಗಿದ ಮೇಲಿನ ದಿನಗಳಿಂದ ತಂದು ಕೂಡಿಸಿ, ಆಮೇಲೆ ಅವಧಿಯ ವಾರಗಳಿಂದ, ನಿಮ್ಮ ಪಟ್ಟಿಯಲ್ಲಿ 17ರಿಂದ, ಭಾಗಿಸಬೇಕು. ಮುಂದಿನ ಎರಡು ವಾರದಲ್ಲಿ ಆ ವೈದ್ಯರು 92 ಗಂಟೆ ಮಾಡಿದರೆ 827 ಭಾಗಿಸು 17, ಅಂದರೆ 48.6. ಆಗಲೂ 48 ಮೀರಿದೆ. ಆದರೆ ತರಬೇತಿಯಲ್ಲಿರುವ ವೈದ್ಯರಿಗೆ ಆ ನಿಯಮಾವಳಿಯ ಅವಧಿ 17 ಅಲ್ಲ, 26 ವಾರ, ಕೊನೆಯ ತೀರ್ಮಾನಕ್ಕೆ ಅಷ್ಟೂ ವಾರ ಹಾಕಿ ನೋಡಿ. ನಿಮ್ಮ ಟೂಲ್ ಎರಡರಲ್ಲಿ ಯಾವ ಸೂತ್ರ ಬಳಸುತ್ತದೆಂದು ಕಂಪನಿಯಿಂದ ಬರಹದಲ್ಲಿ ತರಿಸಿಕೊಳ್ಳಿ. ಗಡಿಯಲ್ಲಿರುವವರ ವಿಷಯದಲ್ಲಿ ಉತ್ತರವೇ ಬದಲಾಗುತ್ತದೆ.

72ರ ಎಚ್ಚರಿಕೆಯೂ ಸುಳ್ಳಲ್ಲ. ಇಂಗ್ಲೆಂಡಿನ ತರಬೇತಿ ವೈದ್ಯರ 2016ರ ಕೆಲಸದ ಒಪ್ಪಂದದಲ್ಲಿರುವುದು ‘ಸತತ ಯಾವುದೇ 168 ಗಂಟೆಯಲ್ಲಿ 72’ ಎಂದು, ಸೋಮವಾರದಿಂದ ಭಾನುವಾರ ಎಂದಲ್ಲ. ಶುಕ್ರ, ಶನಿ, ಭಾನು ಮೂರು ಉದ್ದ ಪಾಳಿ 37.5 ಗಂಟೆ, ಸೋಮದಿಂದ ಬುಧ 8ರಂತೆ 24, ಗುರುವಾರ ಮತ್ತೊಂದು ಉದ್ದ ಪಾಳಿ 12.5. ಕ್ಯಾಲೆಂಡರ್ ವಾರದಲ್ಲಿ ಒಡೆದು ನೋಡಿದರೆ ಎರಡೂ ವಾರ ತಣ್ಣಗಿವೆ, ಕೂಡಿಸಿದರೆ 74. ಎಕ್ಸೆಲ್‌ನಲ್ಲಿ ವಾರದ ಕಾಲಂ ಇಟ್ಟುಕೊಂಡವರಿಗೆ ಇದು ಕಾಣುವುದೇ ಇಲ್ಲ. ಪ್ರತಿ ಪಾಳಿಯ ಆರಂಭದಿಂದ ಮುಂದಿನ 168 ಗಂಟೆ ಎಣಿಸಬೇಕು.

ಎಕ್ಸೆಲ್‌ಬಿಡದವ

ಎಕ್ಸೆಲ್ ಬಿಡದಿದ್ದರೆ ಎರಡು ಕಡೆ ಹುಷಾರು. 20:30ಕ್ಕೆ ಶುರುವಾಗಿ 09:00ಕ್ಕೆ ಮುಗಿಯುವ ಪಾಳಿಯಲ್ಲಿ ನೇರ ಕಳೆದರೆ ಋಣಸಂಖ್ಯೆ ಬಂದು ಸೆಲ್ ತುಂಬ ಹ್ಯಾಷ್ ಗುರುತು. ಕಳೆದ ಉತ್ತರವನ್ನು ಮಾಡ್ ಫಂಕ್ಷನ್‌ಗೆ ಕೊಟ್ಟು ಭಾಜಕ 1 ಹಾಕಿದರೆ 12:30 ಸಿಗುತ್ತದೆ. ಇನ್ನು ಮೊತ್ತದ ಸೆಲ್‌ನಲ್ಲಿ ಮಾಮೂಲಿ ಸಮಯದ ಫಾರ್ಮ್ಯಾಟ್ ಇದ್ದರೆ ಪ್ರತಿ 24 ಗಂಟೆಯೂ ನುಂಗಿಹೋಗುತ್ತದೆ, ನಿಮ್ಮ 735 ಗಂಟೆ 15:00 ಅಂತ ಕಾಣುತ್ತದೆ. ಗಂಟೆಯ ಅಕ್ಷರವನ್ನು ಚೌಕ ಆವರಣದಲ್ಲಿಡುವ ಫಾರ್ಮ್ಯಾಟ್ ಬಳಸಿ, ಇಲ್ಲವೇ 24ರಿಂದ ಗುಣಿಸಿ ದಶಾಂಶದಲ್ಲೇ ಇಟ್ಟುಕೊಳ್ಳಿ. ನಾನಾದರೆ ದಶಾಂಶ.

ಪಾಳಿಪಟ್ಟಿ

ಸರಾಸರಿ ಅರ್ಥವಾಯಿತು. ಎಷ್ಟು ಜನ ಬೇಕೆಂಬ ಲೆಕ್ಕ? ಕಚೇರಿಯವರು ‘168 ಭಾಗಿಸು 48, ಮೂರೂವರೆ ಜನ ಸಾಕು, ನಿಮಗೆ 8 ಯಾಕೆ’ ಅನ್ನುತ್ತಾರೆ.

ಗಂಟೆಲೆಕ್ಕ

ಆ ಮೂರೂವರೆ ಜನ ರಜೆ ಹಾಕುವುದಿಲ್ಲ, ಹ್ಯಾಂಡೊವರ್ (ಮುಂದಿನ ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸುವುದು) ಮಾಡುವುದಿಲ್ಲ, ಕಲಿಯುವುದೂ ಇಲ್ಲ.

12.5 ಗಂಟೆಯ ಎರಡು ಪಾಳಿ ಎಂದರೆ ದಿನಕ್ಕೆ 25, ವಾರಕ್ಕೆ 175, 52 ವಾರಕ್ಕೆ 9,100 ಗಂಟೆ. ವಾರ್ಷಿಕ ರಜೆ, ಸಾರ್ವಜನಿಕ ರಜೆ, ಅಧ್ಯಯನ ರಜೆ, ಅನಾರೋಗ್ಯ ಸೇರಿ ಒಬ್ಬರಿಗೆ 10 ವಾರ ಹೋಯಿತು ಅಂತಿಟ್ಟುಕೊಳ್ಳಿ (ನಿಮ್ಮದೇ ದಾಖಲೆಯ ಅಂಕಿ ಹಾಕಿ). ಉಳಿದ 42 ವಾರಕ್ಕೆ 48ರಂತೆ 2,016 ಗಂಟೆ. 9,100 ಭಾಗಿಸು 2,016, ಅಂದರೆ 4.5. ಅದೂ ಎಲ್ಲರೂ ಮಿತಿಯ ಅಂಚಿನಲ್ಲೇ ದುಡಿದು, ಕ್ಲಿನಿಕ್‌ಗೆ ಒಂದು ಗಂಟೆಯೂ ಮಿಗದೆ. 8 ಜನರಿದ್ದರೆ ಒಬ್ಬರಿಗೆ ಆ ಕಾವಲಿನ ಪಾಲು ವಾರಕ್ಕೆ ಸುಮಾರು 27 ಗಂಟೆ, ಹಗಲಿನ ಕೆಲಸಕ್ಕೂ ಕಲಿಕೆಗೂ 21.

ಆ 21ರಲ್ಲೂ ಸೋರಿಕೆಯಿದೆ. ರಾತ್ರಿಪಾಳಿಗಳ ನಂತರ 46 ಗಂಟೆ ವಿಶ್ರಾಂತಿ ಬೇಕು. ಶುಕ್ರ, ಶನಿ, ಭಾನು ರಾತ್ರಿ ಮಾಡಿದವರು ಸೋಮವಾರ 09:00ಕ್ಕೆ ಬಿಟ್ಟರೆ ಬುಧವಾರ 07:00ರ ತನಕ ಸಿಗುವುದಿಲ್ಲ, ಸೋಮ ಮಂಗಳ ಎರಡೂ ಕ್ಲಿನಿಕ್ ಖಾಲಿ. ಸೋಮದಿಂದ ಗುರುವಾರ ನಾಲ್ಕು ರಾತ್ರಿ ಮಾಡಿದವರದು ಭಾನುವಾರ 07:00ಕ್ಕೆ ಮುಗಿಯುತ್ತದೆ, ಕ್ಲಿನಿಕ್ ದೃಷ್ಟಿಯಿಂದ ಹೋಗುವುದು ಶುಕ್ರವಾರ ಮಾತ್ರ. ಕಚೇರಿಗೆ ಕೊಡುವ ಟಿಪ್ಪಣಿಯಲ್ಲಿ ಸರಾಸರಿಗಿಂತ ಈ ಖಾಲಿ ದಿನಗಳನ್ನೇ ಬರೆಯಿರಿ, ಬೇಗ ನಾಟುತ್ತದೆ.

ಬೆಳಗಿನಜಾವ

ನಿಮ್ಮ ಪಾಳಿಯ ಸಮಯಗಳಲ್ಲಿ ನನಗೆ ಕಂಡ ತೊಂದರೆ ಬೇರೆ. ಸತತ ಎರಡು ಹಗಲುಪಾಳಿಗಳ ನಡುವೆ 21:00ರಿಂದ 08:30, ಹನ್ನೊಂದೂವರೆ ಗಂಟೆ. ಬೇಕಾದದ್ದು 11. ಅರ್ಧ ಗಂಟೆಯಷ್ಟೇ ಸಲಿಗೆ. ಹ್ಯಾಂಡೊವರ್ 21:45ಕ್ಕೆ ಎಳೆದ ದಿನ ವಿಶ್ರಾಂತಿ ಹತ್ತೂಮುಕ್ಕಾಲಿಗೆ ಇಳಿಯುತ್ತದೆ, ರೋಟಾ ಮಾತ್ರ ಹಸಿರಾಗಿಯೇ ಇರುತ್ತದೆ. ಯೋಜನೆಯನ್ನಷ್ಟೇ ಪರೀಕ್ಷಿಸುವ ಟೂಲ್‌ಗೆ ದುಡ್ಡು ಕೊಡಬೇಡಿ. ನಿಜವಾಗಿ ಬಿಟ್ಟ ಸಮಯ ಮತ್ತು ಎಕ್ಸೆಪ್ಷನ್ ರಿಪೋರ್ಟ್ (ಕೆಲಸ ರೋಟಾದಂತೆ ನಡೆಯದಾಗ ವೈದ್ಯರು ಕೊಡುವ ವರದಿ) ಎರಡೂ ಒಳಗೆ ಬಂದು ನಿಯಮಗಳು ಮತ್ತೆ ಓಡಬೇಕು.

ಗಡಿಯಾರ ಬದಲಾಗುವ ರಾತ್ರಿಗಳು ಇನ್ನೂ ಮಜಾ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಹಿಂದೆ ಹೋದಾಗ ನಿಮ್ಮ ರಾತ್ರಿಪಾಳಿ ಹದಿಮೂರೂವರೆ ಗಂಟೆಯಾಗುತ್ತದೆ, ಒಂದು ಪಾಳಿಯ ಮಿತಿ 13. ಆ ಭಾನುವಾರ ಹಗಲಿನವರನ್ನು 08:00ಕ್ಕೆ ಕರೆಸಿ ರಾತ್ರಿಯವರನ್ನು 08:30ಕ್ಕೆ ಬಿಡಿ, ಇಬ್ಬರೂ 13ಕ್ಕೆ ನಿಲ್ಲುತ್ತಾರೆ. ಮಾರ್ಚ್‌ನಲ್ಲಿ ತೊಂದರೆ ರಾತ್ರಿಯವರಿಗಲ್ಲ, ಶನಿವಾರವೂ ಭಾನುವಾರವೂ ಹಗಲುಪಾಳಿ ಇರುವವರಿಗೆ: ಮಧ್ಯದ ವಿಶ್ರಾಂತಿ ಹತ್ತೂವರೆಗೆ ಕುಗ್ಗುತ್ತದೆ. ಸಮಯವಲಯ ಸಮೇತ ಸಮಯ ಉಳಿಸದ ಟೂಲ್ ಇದನ್ನು ಹಿಡಿಯುವುದಿಲ್ಲ.

ಸಾಲ್ವರ್‌ಸಾಕು

ತಾವೇ ರೋಟಾ ಹೊಂದಿಸಿಕೊಡುವ ಟೂಲ್‌ಗಳ ಬಗ್ಗೆ. ನಿಯಮ ಕೊಟ್ಟರೆ ಹೊಂದುವ ಪಟ್ಟಿ ಹುಡುಕಿಕೊಡುವ ಗೂಗಲ್‌ನ ಮುಕ್ತ ಆಕರ ಓಆರ್-ಟೂಲ್ಸ್‌ನಲ್ಲಿ ನರ್ಸ್ ಪಾಳಿಯ ಮಾದರಿಯೇ ಇದೆ, ಕೈ ಹಾಕಿ ನೋಡಬಹುದು. ಎಲ್ಲರೂ ಎಡವುವ ಜಾಗ ಹಳೆ ರೋಟಾದ ಬಾಲ. ಹೊಸ ತಿಂಗಳು 1ನೇ ತಾರೀಖಿನಿಂದ ಖಾಲಿ ಹಾಳೆಯಂತೆ ಶುರುವಾದರೆ 30ರ ರಾತ್ರಿಪಾಳಿ ಮುಗಿಸಿದವರಿಗೇ ಬೆಳಿಗ್ಗೆ ಮತ್ತೆ ಪಾಳಿ ಬೀಳುತ್ತದೆ. ಹಿಂದಿನ 7 ದಿನವನ್ನು ಬದಲಾಗದ ಮಾಹಿತಿಯಾಗಿ ಕೊಡಿ.

ವಿಶ್ರಾಂತಿ, 13, 72 ಇವು ಕಟ್ಟುನಿಟ್ಟಿನ ನಿಯಮ, ‘ಶುಕ್ರವಾರ ಬೇಡ’ ಎಂಬಂಥವು ದಂಡ (ಮೀರಿದಾಗ ಪಟ್ಟಿಯ ಅಂಕ ಕಳೆಯುವುದು) ಹಾಕಿ ಸಡಿಲಿಸಬಹುದಾದವು. ಎಲ್ಲವನ್ನೂ ಕಟ್ಟುನಿಟ್ಟು ಮಾಡಿದರೆ ‘ಪರಿಹಾರವಿಲ್ಲ’ ಎಂಬ ಒಂದೇ ಸಾಲು ಬರುತ್ತದೆ, ಯಾವ ದಿನ ಯಾಕೆ ಎಂದು ತಿಳಿಯುವುದಿಲ್ಲ. ಕಡ್ಡಾಯ ಪಾಳಿಗಳಿಗೆ ‘ಖಾಲಿ’ ಎಂಬ ಕಾಲ್ಪನಿಕ ವೈದ್ಯರೊಬ್ಬರನ್ನು ದೊಡ್ಡ ದಂಡದೊಂದಿಗೆ ಸೇರಿಸಿ. ಅವರ ಹೆಸರು ಬಿದ್ದ ಕಡೆಯೇ ನಿಮಗೆ ಜನ ಸಾಲದು.

ಪಾಳಿಪಟ್ಟಿ

ಮನೆಯಿಂದ ಆನ್-ಕಾಲ್ (ಕರೆದಾಗ ಸಿಗಬೇಕಾದ ಪಾಳಿ) ಇರುವ ಹಿರಿಯ ವೈದ್ಯರ ಪೂರ್ತಿ ರಾತ್ರಿಯನ್ನೂ ಟೂಲ್ ಎಣಿಸುತ್ತಿದೆ. ಇದೂ ಸರಿಯೇ?

ಗಂಟೆಲೆಕ್ಕ

ಸೆಟ್ಟಿಂಗ್ ತಪ್ಪಿರಬೇಕು. ಆಸ್ಪತ್ರೆಯಲ್ಲೇ ಉಳಿಯುವ ಆನ್-ಕಾಲ್, ಮಲಗಿದ್ದರೂ ಪೂರ್ತಿ ಕೆಲಸದ ಸಮಯ. ಯುರೋಪಿನ ನ್ಯಾಯಾಲಯ 2000ದ ಸಿಮ್ಯಾಪ್ ಮತ್ತು 2003ರ ಯೇಗರ್ ತೀರ್ಪುಗಳಲ್ಲಿ ಇದನ್ನು ಸ್ಪಷ್ಟ ಮಾಡಿತು. ಮನೆಯಲ್ಲಿದ್ದರೆ ಸಾಮಾನ್ಯವಾಗಿ ನಿಜವಾಗಿ ಕೆಲಸ ಮಾಡಿದ ಹೊತ್ತಷ್ಟೇ. ಆದರೆ ಎಷ್ಟು ನಿಮಿಷದಲ್ಲಿ ಬರಬೇಕು ಎಂಬ ಷರತ್ತು ನೋಡಿ. 2018ರ ಮಾಟ್ಜಾಕ್ ಪ್ರಕರಣದಲ್ಲಿ 8 ನಿಮಿಷದೊಳಗೆ ಹಾಜರಾಗಬೇಕಿದ್ದ ಅಗ್ನಿಶಾಮಕ ಸಿಬ್ಬಂದಿಯ ಮನೆಯ ಕಾಯುವಿಕೆಯೂ ಕೆಲಸದ ಸಮಯವೆಂದೇ ಎಣಿಕೆಯಾಯಿತು. ಟೂಲ್‌ನಲ್ಲಿ ಈ ಎರಡಕ್ಕೂ ಬೇರೆ ಬೇರೆ ಪಾಳಿ ಕೋಡ್ ಇಡಿ. ಫೋನ್ ಕರೆಯ ಆರಂಭ, ಅಂತ್ಯ ಬರೆಯಲು ಒಂದು ಜಾಗ ಕೊಡಿ. ಬಹಳ ಕಡೆ ಅದೇ ಇರುವುದಿಲ್ಲ.